ಇನ್ನೂರ ಐವತ್ತೆರಡರಲ್ಲಿ ಒಬ್ಬ

ಇನ್ನೂರ ಐವತ್ತೆರಡರಲ್ಲಿ ಒಂದು ಕಳೆದರೆ ಇನ್ನೂರ ಐವತ್ತೊಂದು; ಇನ್ನೂರ ನಲವತ್ತೊಂಬತ್ತಕ್ಕೆ ಒಂದು ಕೂಡಿಸಿದರೆ ಇನ್ನೂರ ಐವತ್ತು. ಆಗಲೂ ಒಂದು ಹೆಚ್ಚೇ. ಹಲ್ಲಿನ ಸಂದಿಗೆ ಸಿಕ್ಕ ನಾರನ್ನು ನಾಲಿಗೆ ಹುಡುಕಿಕೊಂಡು ಹೋಗುವ ಹಾಗೆ ತಿಮೊದೆಮೊಸನ ಮನಸ್ಸು ಬೆಳಗಿನಿಂದ ಈ ಲೆಕ್ಕಕ್ಕೆ ಮರಳಿ ಮರಳಿ ಹೋಗುತ್ತಿತ್ತು, ಪ್ರತಿ ಸಲವೂ ನೆಮ್ಮದಿಯಿಂದ ವಾಪಸು ಬರುತ್ತಿತ್ತು, ಆ ನೆಮ್ಮದಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಸೋರಿಹೋಗುತ್ತಿತ್ತು. ನಿನ್ನೆ ಆಥೆನ್ಸಿನ ನ್ಯಾಯಸಭೆಯಲ್ಲಿ ಐನೂರ ಒಂದು ಮಂದಿ ಕೂತು ಹಡಗಿನ ಚುಕ್ಕಾಣಿಗಾರ ಫೈದಿಮೊಸನನ್ನು ತಪ್ಪಿತಸ್ಥ ಎಂದು ತೀರ್ಮಾನಿಸಿದ್ದರು. ಐನೂರ ಒಂದರಲ್ಲಿ ತಿಮೊದೆಮೊಸನೂ ಒಬ್ಬ. ಅವನು ತಪ್ಪಿತಸ್ಥನೆಂದೇ ಮತ ಹಾಕಿದ್ದ. ಆದರೆ ಅವನೊಬ್ಬ ಈಚೆಗೆ ಹಾಕದೆ ಆಚೆಗೆ ಹಾಕಿದ್ದರೂ ಫೈದಿಮೊಸ್ ಉಳಿಯುತ್ತಿರಲಿಲ್ಲ, ಉಳಿಯಲು ಇನ್ನೊಬ್ಬ ಬೇಕಿತ್ತು. ಆ ಇನ್ನೊಬ್ಬ ಈಗ ಊರಿನ ಯಾವುದೋ ಮೂಲೆಯಲ್ಲಿ, ಕುಲುಮೆಯ ಮುಂದೆಯೋ ಕುರಿಹಟ್ಟಿಯಲ್ಲೋ, ಇದೇ ಲೆಕ್ಕ ಹಾಕಿಕೊಂಡು ನೆಮ್ಮದಿಯಾಗಿ ಇರಬೇಕು. ಹಾಗೆ ನೋಡಿದರೆ ಇನ್ನೂರ ಐವತ್ತೆರಡು ಮಂದಿಯೂ ಈ ಹೊತ್ತು ನಿರಪರಾಧಿಗಳೇ. ಫೈದಿಮೊಸನನ್ನು ಯಾರೂ ಊರು ಬಿಡಿಸಿರಲಿಲ್ಲ. ಅವನು ಹೇಗೋ ಬಿಟ್ಟುಹೋಗುತ್ತಿದ್ದ.

ಪ್ರಜೆಗಳ ಆಳ್ವಿಕೆಯ ಮೇಲೆ ತಿಮೊದೆಮೊಸನಿಗಿದ್ದ ತಿರಸ್ಕಾರ ಹೊಸದಲ್ಲ. ಜನರನ್ನು ಗೌರವಿಸುವವನು ಎಂದು ಅರ್ಥ ಬರುವ ಹೆಸರನ್ನು ಅಪ್ಪ ಅವನಿಗೆ ಇಟ್ಟದ್ದು ಯಾವುದೋ ಚುನಾವಣೆಗೆ ನಿಂತಿದ್ದ ವರ್ಷ. ಅಪ್ಪ ಸೋತ, ಹೆಸರು ಉಳಿಯಿತು. ಮೂವತ್ತೆಂಟು ವರ್ಷ ಆ ಹೆಸರನ್ನು ಕಾಲಿಗೆ ಸರಿಹೊಂದದ ಚಪ್ಪಲಿಯ ಹಾಗೆ ಎಳೆದುಕೊಂಡು ನಡೆದವನಿಗೆ, ಊರ ಗೋಡೆಯಾಚೆ ಪ್ಲೇನ್ ಎಂಬ ಅಗಲ ಎಲೆಯ ಮರಗಳ ತೋಪಿನಲ್ಲಿ ಪಾಠ ಹೇಳುವ ಪ್ರಾಕ್ಸಿಯಾಸ್ ಸಿಕ್ಕಮೇಲೆ ಸ್ವಲ್ಪ ನಿರಾಳವಾಗಿತ್ತು. ಬಲ್ಲವರು ಆಳಬೇಕು, ಉಳಿದವರು ಆಳಿಸಿಕೊಳ್ಳಬೇಕು ಎಂದು ಪ್ರಾಕ್ಸಿಯಾಸ್ ಹೇಳುತ್ತಿದ್ದರು. ಬಲ್ಲವರು ಯಾರು ಎಂದು ಅವರು ಹೇಳದಿದ್ದರೂ ಸುತ್ತ ಕೂತ ಹನ್ನೆರಡು ಮಂದಿಗೆ ಆ ವಿಷಯದಲ್ಲಿ ಅನುಮಾನವಿರಲಿಲ್ಲ. ಈ ವರ್ಷ ನ್ಯಾಯಸಭೆಯ ಪಟ್ಟಿಗೆ ತಿಮೊದೆಮೊಸ್ ತಾನಾಗಿಯೇ ಹೆಸರು ಕೊಟ್ಟಾಗ ಗೆಳೆಯರು ಹುಬ್ಬೇರಿಸಿದ್ದರು. ವೈದ್ಯ ರೋಗಿಯ ಹಾಸಿಗೆಯ ಬಳಿ ಹೋಗಲೇಬೇಕಲ್ಲ, ಎಂದಿದ್ದ ಅವನು. ನಿಜ ಏನೆಂದರೆ ಮನೆಯಲ್ಲಿ ಬೇಜಾರಾಗುತ್ತಿತ್ತು, ಮತ್ತು ದೊಡ್ಡ ದೊಡ್ಡವರು ಬಂದು ಎದುರು ನಿಂತು ಬೆವರುವುದನ್ನು ನೋಡುವುದರಲ್ಲಿ ಒಂದು ಸುಖವಿತ್ತು. ಆ ಸುಖಕ್ಕೆ ಬಡವರು ಮಾತ್ರ ಮರುಳಾಗುತ್ತಾರೆಂದು ಪ್ರಾಕ್ಸಿಯಾಸ್ ಹೇಳುತ್ತಿದ್ದುದರಿಂದ ಅವನು ಅದಕ್ಕೆ ಅಧ್ಯಯನ ಎಂದು ಹೆಸರಿಟ್ಟುಕೊಂಡಿದ್ದ.

ನಿನ್ನೆ ಅವನ ಪಕ್ಕಕ್ಕೆ ಬಂದು ಕೂತವನು ಮಿಕಿಯೋನ್, ಉಪ್ಪುಮೀನು ಮಾರುವವನು. ಬೆಂಚಿನ ಮೇಲೆ ಜಾಗವಿದ್ದದ್ದು ಒಂದೂವರೆ ಜನಕ್ಕೆ, ಮಿಕಿಯೋನನೇ ಒಂದೂವರೆ. ಕೂತ ತಕ್ಷಣ ಬಟ್ಟೆಯ ಗಂಟಿನಿಂದ ರೊಟ್ಟಿ, ಬೆಳ್ಳುಳ್ಳಿ ತೆಗೆದು, "ತಗೊಳಯ್ಯಾ, ಮಧ್ಯಾಹ್ನದವರೆಗೂ ಇವರು ಬಿಡಲ್ಲ" ಎಂದ. ನೀವು ಇಲ್ಲ, ತಾವು ಇಲ್ಲ. ಮೊದಲ ಮಾತಿಗೇ ಏಕವಚನ. ತಿಮೊದೆಮೊಸನ ಹೊಲದಲ್ಲಿ ದುಡಿಯುವವರೂ ಅವನನ್ನು ಹಾಗೆ ಮಾತಾಡಿಸಿರಲಿಲ್ಲ. ಬೆಳ್ಳುಳ್ಳಿಯ ಘಾಟಿಗೆ ಅವನ ಕಣ್ಣಲ್ಲಿ ನೀರು ತುಂಬಿತು. ಎದುರುಗಡೆ ವಾದಿ ಯೂಥಿಕ್ರಿತೊಸ್ ಮಾತಾಡುತ್ತಿದ್ದ. ಹಡಗಿನ ಖರ್ಚು ಹೊತ್ತಿದ್ದ ಸಿರಿವಂತ ಅವನು, ಹಾಗಾಗಿ ಹಡಗಿಗೆ ನಾಯಕ. ಉತ್ತರದ ಗಾಳಿ ಎದ್ದಿದ್ದ ದಿನ ಚುಕ್ಕಾಣಿಗಾರ ತನ್ನ ಮಾತು ಕೇಳದೆ ಬಂದರು ಬಿಟ್ಟ, ಕಫೇರೆಯಸ್ ಭೂಶಿರದ ಬಂಡೆಗಳಿಗೆ ಹಡಗನ್ನು ಕೊಟ್ಟ, ಹುಟ್ಟು ಹಾಕುತ್ತಿದ್ದ ಅರವತ್ತಮೂರು ಜನ ಮುಳುಗಿದರು, ಎಂದು ಅವನು ಅಳುತ್ತ ಹೇಳಿದ. ಬಹಳ ಚೆನ್ನಾಗಿ ಅತ್ತ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದವನ ಹಾಗೆ. ಆಮೇಲೆ ಫೈದಿಮೊಸ್ ಎದ್ದ. ಅವನ ಪಾಲಿನ ನೀರು ಮಡಕೆಯಿಂದ ತೊಟ್ಟಿಕ್ಕುತ್ತಿತ್ತು, ಅದು ಮುಗಿಯುವುದರೊಳಗೆ ಮಾತು ಮುಗಿಯಬೇಕು. ಅವನು ಅರ್ಧ ನೀರನ್ನು ಸುಮ್ಮನೆ ನಿಂತೇ ಕಳೆದ. "ಹೊರಡೋದು ಬೇಡ ಅಂದಿದ್ದು ನಾನು" ಎಂದ ಕೊನೆಗೆ. "ಎರಡು ದಿನ ತಡೀರಿ ಅಂದೆ. ಅವರು ಹೊರಡು ಅಂದ್ರು. ನಂಗೆ ಹೀಗೆ ನಿಂತು ಮಾತಾಡೋಕೆ ಬರಲ್ಲ." ಆ ಧ್ವನಿಯನ್ನು ತಿಮೊದೆಮೊಸ್ ಹಿಂದೆ ಒಮ್ಮೆ ಕೇಳಿದ್ದ.

ಹತ್ತೊಂಬತ್ತು ವರ್ಷದವನಿದ್ದಾಗ ಸಮೋಸ್ ದ್ವೀಪಕ್ಕೆ ಹೋಗುವ ಹಡಗಿನಲ್ಲಿ, ಅಂಚಿಗೆ ಜೋತುಬಿದ್ದು, ಕರುಳೇ ಕಿತ್ತು ಬರುವ ಹಾಗೆ ಅವನು ವಾಂತಿ ಮಾಡಿಕೊಳ್ಳುತ್ತಿದ್ದ. ಹಿಂದಿನಿಂದ ಇದೇ ಧ್ವನಿ: "ಈ ಮೂಟೆನ ಸ್ವಲ್ಪ ಬಿಗಿಯಾಗಿ ಕಟ್ರಪ್ಪಾ, ಉರುಳಿ ಬಿದ್ದೀತು." ಹುಟ್ಟು ಹಾಕುತ್ತಿದ್ದ ಸಾಲುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ನಗು ಹರಿಯಿತು. ಕೆಳಗಿನ ಸಾಲಿನವರಿಗೆ ಏನೂ ಕಂಡಿರಲಿಲ್ಲ, ಆದರೂ ನಕ್ಕರು. ಒಬ್ಬ ಹಗ್ಗವನ್ನು ತಂದು ನಿಜವಾಗಿಯೂ ಅವನ ಸೊಂಟಕ್ಕೆ ಬಿಗಿದ. ಸಮೋಸಿನಲ್ಲಿ ಇಳಿದಾಗ ಗಂಟು ಬಿಚ್ಚಲು ಬಾರದೆ ಇನ್ನೊಬ್ಬನನ್ನು ಕರೆಯಬೇಕಾಯಿತು. ಆಮೇಲೆ ಅವನು ಮದುವೆಯಾದ, ಅಪ್ಪನನ್ನು ಮಣ್ಣು ಮಾಡಿದ, ತೋಪಿನಲ್ಲಿ ನ್ಯಾಯವೆಂದರೇನು ಎಂಬುದರ ಮೇಲೆ ಮೂರು ಚಳಿಗಾಲ ಚರ್ಚಿಸಿದ. ಹಗ್ಗ ಮಾತ್ರ ಸೊಂಟದಲ್ಲೇ ಇತ್ತು. ಮತ ಹಾಕಲು ಸಾಲು ಎದ್ದಾಗ ಕೈಗೆ ಎರಡು ಕಂಚಿನ ಬಿಲ್ಲೆ ಕೊಟ್ಟರು, ಒಂದರ ನಡುವಿನ ಕಡ್ಡಿ ಟೊಳ್ಳು, ಇನ್ನೊಂದರದು ಗಟ್ಟಿ. ಟೊಳ್ಳು ವಾದಿಗೆ, ಗಟ್ಟಿ ಆರೋಪಿಗೆ. ಕಡ್ಡಿಯ ತುದಿಗಳನ್ನು ಹೆಬ್ಬೆರಳು ತೋರುಬೆರಳಿನಿಂದ ಮುಚ್ಚಿಕೊಂಡರೆ ಪಕ್ಕದವನಿಗೂ ಕಾಣುವುದಿಲ್ಲ. ಒಲವಿಲ್ಲದೆ ಹಗೆಯಿಲ್ಲದೆ ತೀರ್ಪು ಕೊಡುತ್ತೇನೆಂದು ವರ್ಷದ ಮೊದಲಲ್ಲಿ ಆಣೆ ಇಟ್ಟ ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು ತಿಮೊದೆಮೊಸ್ ಟೊಳ್ಳನ್ನು ಹಂಡೆಗೆ ಹಾಕಿದ. ಟಣ್ ಎಂದಿತು. ಎಲ್ಲರದ್ದೂ ಹಾಗೇ ಅನ್ನುತ್ತಿತ್ತು. ಶಿಕ್ಷೆ ಏನೆಂದು ಎರಡನೆಯ ಸಲ ಮತ ಹಾಕುವಾಗ ಯೂಥಿಕ್ರಿತೊಸ್ ಮರಣ ಕೇಳಿದ, ಫೈದಿಮೊಸ್ ಗಡೀಪಾರು ಕೇಳಿಕೊಂಡ. ಹೊತ್ತು ಮೀರಿ ಎಲ್ಲರಿಗೂ ಹಸಿವಾಗಿತ್ತು, ಜಗಳವಾಡುವ ತ್ರಾಣವಿರಲಿಲ್ಲ, ಗಡೀಪಾರಾಯಿತು. ತಿಮೊದೆಮೊಸನೂ ಗಡೀಪಾರಿಗೇ ಹಾಕಿದ, ಹಾಕಿ ತನ್ನ ಔದಾರ್ಯಕ್ಕೆ ತಾನೇ ಸ್ವಲ್ಪ ಕರಗಿದ.

ಇವತ್ತು ಅವನು ತೋಪಿಗೆ ಬಂದಾಗ ಪ್ರಾಕ್ಸಿಯಾಸ್ ಆಗಲೇ ಶುರು ಮಾಡಿದ್ದರು. "ಹಲ್ಲು ನೋವು ಬಂದ್ರೆ ಊರಿಗೆಲ್ಲ ಡಂಗುರ ಹೊಡಿಸಿ, ಯಾವ ಹಲ್ಲು ಕೀಳೋಣ ಅಂತ ಕೈ ಎತ್ತಿಸ್ತೀರಾ? ಕುದುರೆ ಪಳಗಿಸೋನನ್ನ ಚೀಟಿ ಎತ್ತಿ ಆರಿಸ್ತೀರಾ? ಆದ್ರೆ ಸಮುದ್ರವನ್ನೇ ಕಾಣದ ಕುಂಬಾರರು, ಚಮ್ಮಾರರು ಸೇರಿ ಮೂವತ್ತು ವರ್ಷ ಚುಕ್ಕಾಣಿ ಹಿಡಿದೋನಿಗೆ ನೀನು ತಪ್ಪು ಹಿಡಿದೆ ಅಂತಾರೆ." ಎಲ್ಲರೂ ನಿಟ್ಟುಸಿರು ಬಿಟ್ಟರು. ಅವರ ನಡುವೆ ಕೂತು ಅಂಜೂರ ತಿನ್ನುತ್ತ, ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟವನು ಯೂಥಿಕ್ರಿತೊಸ್. ತೋಪಿನ ಬೇಲಿ, ಬಾವಿ, ಕಲ್ಲುಬೆಂಚು ಎಲ್ಲ ಅವನು ಕಟ್ಟಿಸಿಕೊಟ್ಟದ್ದು. ಬಲ್ಲವನೊಬ್ಬನನ್ನು ಗುಂಪಿನ ಬಾಯಿಗೆ ಎಸೆದವನೇ ಗುಂಪನ್ನು ಬೈಯುವ ಸಭೆಯಲ್ಲಿ ಗಣ್ಯ ಅತಿಥಿಯಾಗಿ ಕೂತದ್ದು ಯಾರಿಗೂ ವಿಚಿತ್ರ ಅನ್ನಿಸಿದ ಹಾಗಿರಲಿಲ್ಲ. "ಏನ್ಮಾಡೋದು ಗುರುಗಳೇ" ಎಂದ ಯೂಥಿಕ್ರಿತೊಸ್, "ನಾನು ದೂರು ಕೊಡದೇ ಇದ್ದಿದ್ರೆ ನನ್ನ ಮೇಲೇ ಬರೋರು. ಇಂಥ ಊರಲ್ಲಿ ಒಳ್ಳೆಯವನಾಗಿರೋಕೆ ಬಿಡ್ತಾರಾ?" ಪ್ರಾಕ್ಸಿಯಾಸ್ ತಲೆಯಾಡಿಸಿ, ಗುಂಪಿನ ಆಳ್ವಿಕೆ ಸಜ್ಜನರನ್ನೂ ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಇದು ಉದಾಹರಣೆ ಎಂದರು. ಯೂಥಿಕ್ರಿತೊಸ್ ಉದಾಹರಣೆಯಾದದ್ದಕ್ಕೆ ವಿನಯದಿಂದ ಕಣ್ಣು ತಗ್ಗಿಸಿದ.

"ನಮ್ಮ ತಿಮೊದೆಮೊಸ್ ಅಲ್ಲೇ ಇದ್ದ" ಎಂದರು ಪ್ರಾಕ್ಸಿಯಾಸ್. "ಹೇಳಪ್ಪ, ಗುಂಪು ಅನ್ನೋ ಆ ಮೃಗ ಹೇಗೆ ತಿಂತು?" ಅವನು ಎದ್ದು ನಿಂತ. ಬೇಡವೆಂದುಕೊಳ್ಳುತ್ತಲೇ ನಿಂತ. ಮಿಕಿಯೋನ್ ರೊಟ್ಟಿ ಅಗಿಯುವುದನ್ನು, ನಿದ್ದೆ ತೂಗುವ ಮುದುಕನನ್ನು, ಟೊಳ್ಳು ಯಾವುದು ಗಟ್ಟಿ ಯಾವುದು ಎಂದು ಬಿಲ್ಲೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದವನನ್ನು ಒಬ್ಬೊಬ್ಬರಾಗಿ ಅಭಿನಯಿಸಿ ತೋರಿಸಿದ. ಕೊನೆಯವನನ್ನು ಅವನು ಆಗಷ್ಟೇ ಸೃಷ್ಟಿಸಿದ್ದ, ಹೆಚ್ಚು ನಗು ಅವನಿಗೇ ಸಿಕ್ಕಿತು. ನಗು ಇಳಿದಾಗ ಯಾರೋ ಕೇಳಿದರು, "ನೀನು ಯಾವ ಕಡೆ ಹಾಕಿದೆ?" "ಕೇಳಬೇಕಾ?" ಎಂದ ತಿಮೊದೆಮೊಸ್. "ಬಿಡುಗಡೆಗೆ." ಹೇಳಿದ ಮೇಲೆ ಯೂಥಿಕ್ರಿತೊಸ್ ಎದುರಿಗೇ ಇದ್ದಾನೆಂದು ನೆನಪಾಯಿತು. ಆದರೆ ಯೂಥಿಕ್ರಿತೊಸ್ ಬೇಸರಪಡಲಿಲ್ಲ, ಅಂಜೂರದ ತಟ್ಟೆಯನ್ನು ಅವನತ್ತ ಸರಿಸಿದ. ಇಲ್ಲಿ ಮತ ಒಂದು ಅಲಂಕಾರ, ಉಂಗುರದ ಹಾಗೆ. ಸಿರಾಕ್ಯೂಸಿನಿಂದ ಬಂದಿದ್ದ ವೈದ್ಯನೊಬ್ಬ ಮೂಲೆಯಲ್ಲಿ ಕೂತಿದ್ದ, ಒಬ್ಬನೇ ಆಳುವ ಊರಿಂದ ಓಡಿಬಂದವನು. ಅವನು ಮೆಲ್ಲಗೆ, "ನಮ್ಮಲ್ಲೂ ತಪ್ಪು ತೀರ್ಪು ಇರುತ್ತೆ ಸ್ವಾಮಿ" ಎಂದ. "ಆದ್ರೆ ಎಷ್ಟು ಜನ ಬೇಡ ಅಂದ್ರು ಅಂತ ಮಾತ್ರ ಯಾವತ್ತೂ ಗೊತ್ತಾಗಲ್ಲ. ನಿಮ್ಮಲ್ಲಿ ಇನ್ನೂರ ನಲವತ್ತೊಂಬತ್ತು ಅಂತ ಎಣಿಸಿ ಹೇಳಿದ್ರಲ್ಲ, ನಂಗೆ ಆಶ್ಚರ್ಯ ಆಯ್ತು." ಮಾತು ಕುದುರೆಗಳತ್ತ ತಿರುಗಿತು. ಪರವೂರಿನವನ ಉಚ್ಚಾರ ಚೆನ್ನಾಗಿರಲಿಲ್ಲ.

ಊರ ಬಾಗಿಲಲ್ಲಿ ಮಿಕಿಯೋನ್ ಸಿಕ್ಕಿದ. ಸಿಕ್ಕಿದ ಅನ್ನುವುದಕ್ಕಿಂತ, ದೂರದಿಂದಲೇ ಕೂಗಿ ಹಿಡಿದ. ತಿಮೊದೆಮೊಸ್ ಗುರುತು ಸಿಗದವನ ಹಾಗೆ ನಡೆಯಲು ನೋಡಿದ, ಆದರೆ ಮೀನಿನ ವಾಸನೆ ಅವನಿಗಿಂತ ಬೇಗ ನಡೆಯುತ್ತಿತ್ತು. "ಬಾ ಮಾರಾಯ, ಪಿರೇಯಸ್ ಬಂದರಿಗೆ ಹೋಗ್ತಿದೀನಿ. ಫೈದಿಮೊಸ್ ಇವತ್ತೇ ಹೊರಡ್ತಾನಂತೆ. ಕಳಿಸೋಕೆ ನಮ್ಮ ಕಡೆಯೋರು ಒಬ್ರಾದ್ರೂ ಬೇಡ್ವಾ?" ನಮ್ಮ ಕಡೆಯವರು ಯಾರು ಎಂದು ತಿಮೊದೆಮೊಸ್ ಕೇಳುವ ಮೊದಲೇ ಮಿಕಿಯೋನ್ ಅವನ ತೋಳು ಹಿಡಿದಿದ್ದ. "ನೀನು ಗಟ್ಟಿದೇ ಹಾಕಿದ್ದು ಅಂತ ನಂಗೊತ್ತು ಬಿಡಯ್ಯಾ. ನೋಡಿದೆನಲ್ಲ, ಅವನು ನಿಂತಾಗ ನಿನ್ನ ಕಣ್ಣಲ್ಲಿ ನೀರಿತ್ತು." ನಿನ್ನ ಬೆಳ್ಳುಳ್ಳಿ, ಎಂದು ಹೇಳಿಬಿಡಬಹುದಿತ್ತು. ಎರಡೂ ಕಡೆ ಉದ್ದ ಗೋಡೆಗಳ ನಡುವಿನ ಬಂದರಿನ ದಾರಿಯಲ್ಲಿ, ಕತ್ತೆಗಳ ಧೂಳು ನುಂಗುತ್ತ ಅವನು ಉಪ್ಪುಮೀನಿನವನ ಜೊತೆ ನಡೆದ.

"ನನ್ನ ತಮ್ಮ ಆ ಹಡಗಲ್ಲಿದ್ದ" ಎಂದ ಮಿಕಿಯೋನ್ ಸ್ವಲ್ಪ ದೂರ ನಡೆದ ಮೇಲೆ, ಗಾಳಿಯ ಬಗ್ಗೆ ಹೇಳುವ ಹಾಗೆ. "ಕೆಳಗಿನ ಸಾಲು. ಕೆಳಗಿನ ಸಾಲಿನೋರು ಯಾರೂ ಬರಲಿಲ್ಲ." ತಿಮೊದೆಮೊಸ್ ನಿಂತ. "ಆದ್ರೂ ಬಿಡುಗಡೆಗೆ ಹಾಕಿದ್ಯಾ?" "ಮೊದಲು ಟೊಳ್ಳೇ ಹಾಕ್ಬೇಕು ಅಂತಿದ್ದೆ. ಕೈ ತುರಿಸ್ತಿತ್ತು. ಆಮೇಲೆ ಅನ್ನಿಸ್ತು, ಅಲ್ಲ ಕಣೋ ಮಿಕಿಯೋನ, ನಿಂಗೆ ಸಮುದ್ರ ಏನು ಗೊತ್ತು, ಮೀನು ಸತ್ತ ಮೇಲೆ ನಿನ್ನ ಹತ್ರ ಬರುತ್ತೆ ಅಂತ. ವಿಚಾರಣೆಗೆ ಮುಂಚೆನೇ ಬಂದರಲ್ಲಿ ಕೇಳ್ತಾ ಬಂದಿದ್ದೆ. ಹಗ್ಗ ಹೊಸೆಯೋನು ಹೇಳ್ದ, ಫೈದಿಮೊಸ್ ಹೆಚ್ಚಿಗೆ ಹಗ್ಗ ಕೇಳ್ದ, ಯೂಥಿಕ್ರಿತೊಸ್ ಕೊಡಿಸಲಿಲ್ಲ. ಹೆಂಡದಂಗಡಿಯವಳು ಹೇಳಿದ್ಲು, ಹಿಂದಿನ ದಿನ ಅವನು ಕೂತು ಎರಡು ದಿನ ತಡೀಬೇಕು ಅಂತ ಗೊಣಗ್ತಿದ್ದ. ಒಬ್ಬೊಬ್ಬರಿಗೂ ಗೊತ್ತಿದ್ದಿದ್ದು ಒಂದೊಂದು ಚೂರು. ಎಲ್ಲ ಚೂರೂ ಗೊತ್ತಿರೋನು ಯಾರೂ ಇರಲಿಲ್ಲ, ಆ ಫೈದಿಮೊಸನೂ ಸೇರಿ. ಅದನ್ನ ನಮ್ಮ ಬೆಂಚಿನಲ್ಲಿ ಒಂದಿಪ್ಪತ್ತು ಜನಕ್ಕೆ ಹೇಳ್ದೆ. ನಿಂಗೂ ಹೇಳ್ತಿದ್ದೆ, ನೀನು ಮೂಗು ಮುಚ್ಕೊಂಡು ಆ ಕಡೆ ತಿರುಗಿದ್ದೆ." ತಿಮೊದೆಮೊಸನಿಗೆ ಏನೋ ಹೇಳಲೇಬೇಕಿತ್ತು, ತೋಪಿನಿಂದ ತಂದದ್ದನ್ನೇ ತೆಗೆದ. "ಆದ್ರೂ ತೀರ್ಪು ತಪ್ಪಾಯ್ತಲ್ಲ. ಅರಿಯದ ಐನೂರು ಜನ ಸೇರಿದ್ರೆ ಅರಿವು ಹುಟ್ಟುತ್ತಾ? ಹಡಗನ್ನ ಬಲ್ಲೋನಿಗೆ ಬಿಡ್ಬೇಕು." ಮಿಕಿಯೋನ್ ನಕ್ಕ. "ಬಿಟ್ಟಿದ್ವಲ್ಲಯ್ಯಾ. ಬಲ್ಲೋನು ಬೇಡ ಅಂದ, ದುಡ್ಡಿದ್ದೋನು ಹೊರಡು ಅಂದ. ಬಲ್ಲೋನು ಯಾರು ಅಂತ ನಿರ್ಧಾರ ಮಾಡೋನೂ ಒಬ್ಬ ಇರ್ತಾನೆ ನೋಡು, ಅವನು ಸಿಗ್ಲಿ ಅಂತ ನಾನೂ ಕಾಯ್ತಿದೀನಿ. ಅಲ್ಲಿವರ್ಗೂ ಮುಳುಗೋರಿಗೂ ಒಂದು ಮಾತು ಇರ್ಲಿ. ನಿನ್ನೆ ತಪ್ಪು ಮಾಡಿದ್ವಿ, ಹೌದು. ನಂದು ಸರಿ, ಅವರದ್ದು ತಪ್ಪು. ಇನ್ನೊಂದಿನ ನಂದೇ ತಪ್ಪಿರುತ್ತೆ." ಇಂಥ ಸಡಿಲ ವಾದವನ್ನು ಪ್ರಾಕ್ಸಿಯಾಸ್ ಮೂರು ಪ್ರಶ್ನೆಗಳಲ್ಲಿ ಕೆಡವಿಹಾಕುತ್ತಿದ್ದರು. ಆ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ಯಾವುದೆಂದು ತಿಮೊದೆಮೊಸನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬಂದರಿನಲ್ಲಿ ಫೈದಿಮೊಸ್ ಎರಡು ಹಾಸಿಗೆ ಸುರುಳಿ, ಒಂದು ಕಾವಲಿ, ಹೆಂಡತಿ, ಇಷ್ಟರ ನಡುವೆ ಕೂತಿದ್ದ. ಹತ್ತಿರದಿಂದ ನೋಡಿದರೆ ಮುದುಕ. ಮುಂದಿನ ಹಲ್ಲು ಎರಡಿಲ್ಲ. ಸರಕು ಹಡಗಿನಲ್ಲಿ ಪ್ರಯಾಣಿಕನಾಗಿ ರೋಡ್ಸಿಗೆ ಹೋಗುವವನಿದ್ದ. ತಾವಿಬ್ಬರೂ ಬಿಡುಗಡೆಗೆ ಹಾಕಿದವರೆಂದು ಮಿಕಿಯೋನ್ ಹೇಳಿದ್ದನ್ನು ಕೇಳಿ ಎದ್ದು ಬಂದು ಮೊದಲು ಅವನನ್ನು, ಆಮೇಲೆ ತಿಮೊದೆಮೊಸನನ್ನು ತಬ್ಬಿಕೊಂಡ. "ಇನ್ನೂರ ನಲವತ್ತೊಂಬತ್ತು ಜನ ಅಂದ್ರು. ಇಬ್ಬರ ಮುಖ ಆದ್ರೂ ನೋಡಿದೆ, ಸಾಕು. ನಿಮ್ಮ ಹೆಸರೇನು ಅಣ್ಣಾ?" ಹೆಸರು ಹೇಳಿದ. ಆ ಮುಖದಲ್ಲಿ ಏನೂ ಕದಲಲಿಲ್ಲ. ತಾನು ಹತ್ತೊಂಬತ್ತು ವರ್ಷ ಹೊತ್ತು ತಿರುಗಿದ ಮುಖಕ್ಕೆ ತನ್ನ ಮುಖದ ನೆನಪೇ ಇರಲಿಲ್ಲ. ಅದನ್ನು ತಾಳಿಕೊಳ್ಳಬಹುದಿತ್ತು, ಆದರೆ ಫೈದಿಮೊಸನ ಹೆಂಡತಿ ಗಂಟು ಬಿಚ್ಚಿ, ದಾರಿಗೆ ಇಟ್ಟುಕೊಂಡಿದ್ದ ಮೇಕೆಹಾಲಿನ ಒಣ ಗಿಣ್ಣಿನಲ್ಲಿ ಒಂದು ತುಂಡು ಮುರಿದು ಅವನ ಕೈಗೆ ಕೊಟ್ಟಳು. ಆ ತುಂಡನ್ನು ಹಿಡಿದುಕೊಂಡು ತಿಮೊದೆಮೊಸ್ ಹೇಳಿದ: "ನಾನು ಟೊಳ್ಳು ಹಾಕಿದೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. "ಯಾಕೆ?" ಎಂದ ಫೈದಿಮೊಸ್, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆನ್ನುವವನ ಹಾಗೆ. ಪ್ರತಿಯೊಂದಕ್ಕೂ ಕಾರಣ ಇಟ್ಟುಕೊಂಡಿದ್ದ ಮನುಷ್ಯ ಒಳಗೆಲ್ಲ ತಡಕಾಡಿ ಒಂದೇ ಕಾರಣ ಹಿಡಿದು ತಂದ. "ಸಮೋಸಿಗೆ ಹೋಗುವಾಗ ನೀನು ನನ್ನನ್ನ ಮೂಟೆ ಅಂದೆ. ಹಗ್ಗ ಕಟ್ಟಿಸಿದೆ." ಫೈದಿಮೊಸ್ ಕಣ್ಣು ಕಿರಿದು ಮಾಡಿ ಪ್ರಾಮಾಣಿಕವಾಗಿ ಯೋಚಿಸಿದ. "ವಾಂತಿ ಮಾಡೋರಿಗೆಲ್ಲ ನಾನು ಹಾಗೇ ಅಂತಿದ್ದೆ" ಎಂದ ಕೊನೆಗೆ. "ಕಟ್ಟದಿದ್ರೆ ಬೀಳ್ತಾರೆ. ಇಬ್ಬರು ಬಿದ್ದಿದ್ರು." ಹೆಂಡತಿ ಗಂಡನನ್ನೂ ಇವನನ್ನೂ ನೋಡಿ, "ಇಷ್ಟಕ್ಕಾ?" ಎಂದಳು. ಗಿಣ್ಣನ್ನು ವಾಪಸು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಹಡಗಿನವರು ಕೂಗಿದರು, ಅವರಿಬ್ಬರೂ ಸುರುಳಿಗಳನ್ನು ಎತ್ತಿಕೊಂಡು ಹಲಗೆ ಹತ್ತಿದರು. ಫೈದಿಮೊಸ್ ಅಭ್ಯಾಸಬಲದಿಂದ ಹಿಂಭಾಗದ ಚುಕ್ಕಾಣಿಯತ್ತ ಹೋದ, ಯಾರೋ ಅವನನ್ನು ಮೆಲ್ಲಗೆ ಮುಂದಕ್ಕೆ ಕಳಿಸಿದರು.

ಮಿಕಿಯೋನ್ ಹೊಡೆಯುತ್ತಾನೆಂದು ತಿಮೊದೆಮೊಸ್ ಕಾದ. ಹೊಡೆದಿದ್ದರೆ ಗುಂಪಿನ ಒರಟುತನ ಸಾಬೀತಾಗಿ ಒಂದಿಷ್ಟು ಹಗುರಾಗುತ್ತಿತ್ತು. ಮಿಕಿಯೋನ್ ಹೊಡೆಯಲಿಲ್ಲ. "ನಾಲ್ಕು ದಿನಕ್ಕೆ ಪ್ನಿಕ್ಸ್ ಗುಡ್ಡದ ಮೇಲೆ ಊರೋರ ಸಭೆ ಇದೆ" ಎಂದ. "ಯಾರು ಬೇಕಾದ್ರೂ ಆಲಿವ್ ರೆಂಬೆ ಇಟ್ಟು ಬೇಡ್ಕೋಬಹುದು. ನಾನು ಇಡ್ತೀನಿ, ಹಗ್ಗದ ವಿಷಯ, ಹೆಂಡದಂಗಡಿ ವಿಷಯ ಹೇಳ್ತೀನಿ. ಈಗ ಇಲ್ಲಿ ಹೇಳಿದ್ದನ್ನ ನೀನು ಅಲ್ಲಿ ಹೇಳ್ತೀಯಾ?" "ನಗ್ತಾರೆ" ಎಂದ ತಿಮೊದೆಮೊಸ್. "ನಗ್ತಾರೆ. ನಗದೇ ಇರ್ತಾರಾ?" ಎಂದು ಮಿಕಿಯೋನ್ ಹೊರಟ, ಈ ಸಲ ತೋಳು ಹಿಡಿಯಲಿಲ್ಲ.

ಆ ನಾಲ್ಕು ದಿನದಲ್ಲಿ ತಿಮೊದೆಮೊಸ್ ಹೋಗದಿರಲು ಒಂಬತ್ತು ಕಾರಣ ಕಂಡುಹಿಡಿದ, ಅವುಗಳಲ್ಲಿ ಏಳು ಬಹಳ ಉದಾತ್ತವಾಗಿದ್ದವು. ಸಭೆಯ ದಿನ ಬೆಳಿಗ್ಗೆ ಕಾಲುಗಳು ಅವನನ್ನು ಕೇಳದೆ ಗುಡ್ಡ ಹತ್ತಿದವು. ಮಿಕಿಯೋನ್ ಹೇಳಿ ಇಳಿದ ಮೇಲೆ ಡಂಗುರದವನು, "ಮಾತಾಡೋಕೆ ಯಾರಿಗೆ ಇಷ್ಟ?" ಎಂದು ಕೂಗಿದ. ಪ್ರಾಕ್ಸಿಯಾಸ್ ಅತಿ ಹೆಚ್ಚು ಲೇವಡಿ ಮಾಡುತ್ತಿದ್ದದ್ದು ಈ ಕೂಗನ್ನೇ. ಯಾರಿಗೆ ಗೊತ್ತು ಎಂದಲ್ಲ, ಯಾರಿಗೆ ಇಷ್ಟ ಎಂದು! ತಿಮೊದೆಮೊಸ್ ಕಲ್ಲುಮೆಟ್ಟಿಲು ಹತ್ತಿ ನಿಂತ. ಐದಾರು ಸಾವಿರ ತಲೆಗಳು, ಗಾಳಿಗೆ ಹಾರುವ ಗಡ್ಡಗಳು, ಕಡಲೆ ಅಗಿಯುವ ದವಡೆಗಳು. ತೋಪಿನಲ್ಲಿ ಇಷ್ಟು ವರ್ಷ ಮೃಗ ಎಂದು ಕರೆದದ್ದಕ್ಕೆ ಇಷ್ಟೊಂದು ಮುಖಗಳಿರುತ್ತವೆಂದು ಅವನು ಎಣಿಸಿರಲಿಲ್ಲ. ಬಿಲ್ಲೆಯ ವಿಷಯ ಹೇಳಿದ, ವಾಂತಿಯ ವಿಷಯ ಹೇಳಿದ, ಮೂಟೆ ಎಂಬ ಮಾತು ಬಾಯಿಂದ ಬಿದ್ದದ್ದೇ ಗುಡ್ಡ ಪೂರ್ತಿ ನಕ್ಕಿತು. ಹಿಂದಿನ ಸಾಲಿನವರಿಗೆ ಕೇಳಿಸದೆ ಮುಂದಿನವರನ್ನು ಕೇಳಿ ತಿಳಿದುಕೊಂಡು ಎರಡನೆಯ ಸಲ ನಕ್ಕರು. ಯಾರೋ "ಹಗ್ಗ ತನ್ರೋ!" ಎಂದ. ಯೂಥಿಕ್ರಿತೊಸನ ಕಡೆಯವರು ಇಳಿಸಿ, ಇಳಿಸಿ ಎಂದು ಕೂಗಿದರು. ಅವನು ಇಳಿಯಲು ತಿರುಗಿದ ಕೂಡ. ಆಗ ನಡುವಿನಿಂದ, ಕಾಣದ ಒಬ್ಬ ಮುದುಕನ ಗೊಗ್ಗರು ದನಿ, "ಸುಮ್ನಿರ್ರೋ, ಆಣೆ ಮುರಿದೆ ಅಂತ ತಾನೇ ಒಪ್ಕೊಳ್ತಿದಾನೆ, ಇಂಥದ್ದು ದಿನಾ ಸಿಗುತ್ತಾ? ಮುಂದೆ ಹೇಳಪ್ಪಾ" ಎಂದಿತು. ನಗು ನಿಂತದ್ದು ಒಂದೇ ಸಲಕ್ಕಲ್ಲ, ಅಲ್ಲಲ್ಲಿ, ಮಳೆ ನಿಲ್ಲುವ ಹಾಗೆ. ಅವನು ಮುಂದೆ ಹೇಳಿದ. ಗಿಣ್ಣಿನವರೆಗೂ ಹೇಳಿದ.

ಆಮೇಲೆ ಸಭೆ ತನ್ನ ಅಚ್ಚುಮೆಚ್ಚಿನ ತೀರ್ಮಾನವನ್ನು ತೆಗೆದುಕೊಂಡಿತು: ಊರ ಆಡಳಿತ ನೋಡುವ ಐನೂರು ಮಂದಿಯ ಮಂಡಳಿ ಯೂಥಿಕ್ರಿತೊಸನನ್ನು ವಿಚಾರಿಸಿ ಮತ್ತೊಮ್ಮೆ ಬರಲಿ. ಮರುವಸಂತದಲ್ಲಿ ಯೂಥಿಕ್ರಿತೊಸನಿಗೆ ಶಿಕ್ಷೆಯಾಯಿತು, ಫೈದಿಮೊಸನಿಗೆ ಮರಳಿ ಬರಲು ಅಪ್ಪಣೆ ಹೋಯಿತು, ಅವನು ಬರಲಿಲ್ಲ. ರೋಡ್ಸಿನಲ್ಲಿ ಅವನಿಗೊಂದು ಚುಕ್ಕಾಣಿ ಸಿಕ್ಕಿತ್ತು, ಆಥೆನ್ಸಿನವರ ನ್ಯಾಯ ಬಂದಾಗ ತಾನು ಸಮುದ್ರದಲ್ಲಿದ್ದೆ ಎಂದು ಹೇಳಿಕಳಿಸಿದ. ತೋಪಿನಲ್ಲಿ ತಿಮೊದೆಮೊಸನ ಜಾಗಕ್ಕೆ ಬೇರೆಯವರು ಬಂದರು, ಅವನ ಕಥೆ ಗುಂಪಿನ ಆಳ್ವಿಕೆಯಲ್ಲಿ ನಾಚಿಕೆ ಹೇಗೆ ನಾಶವಾಗುತ್ತದೆ ಎಂಬುದಕ್ಕೆ ಉದಾಹರಣೆಯಾಯಿತು. ಅದೆಲ್ಲ ನಂತರದ ಮಾತು. ಆ ಬೆಳಿಗ್ಗೆ ಅವನು ಮೆಟ್ಟಿಲಿಳಿದು, ಕಿವಿ ಬಿಸಿಯಾಗಿ, ಎಲ್ಲಿ ಕೂರುವುದೆಂದು ತಿಳಿಯದೆ ನಿಂತಾಗ, ಮಿಕಿಯೋನ್ ಅವನನ್ನು ನೋಡದೆಯೇ ಸ್ವಲ್ಪ ಸರಿದ. ಸಿಕ್ಕಿದ್ದು ಅರ್ಧ ಜನಕ್ಕಾಗುವ ಜಾಗ. ಅಷ್ಟರಲ್ಲೇ ಕೂತ. ಡಂಗುರದವನು ಮುಂದಿನ ವಿಷಯ ಎತ್ತಿದ್ದ, ಊರ ಉತ್ತರದ ಕಾಲುವೆ ಒಡೆದಿದೆ, ಈ ಬೇಸಿಗೆಗೆ ಕಟ್ಟುವುದೋ ಮುಂದಿನ ಬೇಸಿಗೆಗೋ. ಇಬ್ಬರು ಆಗಲೇ ಮೇಲೆ ಹತ್ತಿ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು.

"ನಿಂಗೇನನ್ಸುತ್ತೆ?" ಎಂದ ಮಿಕಿಯೋನ್, ಇನ್ನೂ ಮುಖ ತಿರುಗಿಸದೆ.

ತಿಮೊದೆಮೊಸ್ ಕಾಲುವೆಯನ್ನು ನೆನಪಿಸಿಕೊಳ್ಳಲು ನೋಡಿದ. ಆ ಕಡೆ ಅವನು ಯಾವತ್ತೂ ಹೋಗಿರಲಿಲ್ಲ.

"ನಂಗೆ ಗೊತ್ತಿಲ್ಲ" ಎಂದ. "ಇರು, ಕೇಳೋಣ."